ರಸ್ತೆಯಲ್ಲಿ ಓಡುವ ಸ್ಪೋರ್ಟ್ಸ್ ಕಾರಿಗೆ ಯಾವ ಬ್ರೇಕ್ ಪ್ಯಾಡ್? ಕೇಳಿ, ಹೇಳುತ್ತೇನೆ

ಗ್ಯಾರೇಜಿನವರು: ನಮಸ್ಕಾರ. ಇವತ್ತು ಸಂಜೆ ಬ್ರೇಕ್ ಪ್ಯಾಡ್ ಬಗ್ಗೆ ಮಾತ್ರ. ಕಾರು ಯಾವುದು, ಎಲ್ಲಿ ಓಡಿಸುತ್ತೀರಿ, ಈಗ ಯಾವ ಪ್ಯಾಡ್ ಇದೆ, ಮೂರನ್ನೂ ಬರೆಯಿರಿ.

ಬೆಂಗಳೂರು ಝಡ್4: ದಿನಾ ಆಫೀಸು, ಭಾನುವಾರ ಬೆಳಗ್ಗೆ ನಂದಿ ಬೆಟ್ಟ. ಕಂಪನಿ ಪ್ಯಾಡ್ ಸವೆದಿದೆ. ಯಾವುದು ಹಾಕಿಸಲಿ?

ಗ್ಯಾರೇಜಿನವರು: ಕಂಪನಿಯದ್ದೇ ಹಾಕಿಸಿ. ಬೇರೆಯದ್ದೇ ಬೇಕು ಅಂದರೆ ಪ್ಯಾಡಿನ ಬೆನ್ನಿನ ತಗಡಿನ ಮೇಲೆ 90ಆರ್ ಅಂತ ಅಚ್ಚಾಗಿರುವುದನ್ನು ಹುಡುಕಿ. ಅದು ಯುರೋಪಿನ ನಿಯಮದ ಗುರುತು. ಹಿಡಿತ ಮೂಲ ಪ್ಯಾಡಿಗಿಂತ ಶೇ. 15ಕ್ಕಿಂತ ಜಾಸ್ತಿ ಆಚೀಚೆ ಇರಬಾರದು ಅಂತ ಅರ್ಥ. ನಿಮ್ಮ ಓಡಾಟಕ್ಕೆ ಇಷ್ಟು ಸಾಕು.

ಮೈಸೂರು ಮಸ್ಟಾಂಗ್: ಚಕ್ರಕ್ಕೆಲ್ಲ ಕಪ್ಪು ಧೂಳು. ಸೆರಾಮಿಕ್ ಪ್ಯಾಡ್ ಹಾಕಿದರೆ ಕಡಿಮೆ ಆಗುತ್ತಾ?

ಗ್ಯಾರೇಜಿನವರು: ಆಗುತ್ತದೆ. ಸದ್ದೂ ಕಡಿಮೆ. ಆದರೆ ನಿಮ್ಮದು ಭಾರದ ಕಾರು. ಘಾಟಿ ಜಾಸ್ತಿ ಓಡಿಸುವುದಾದರೆ ಸೆಮಿ ಮೆಟಾಲಿಕ್, ಅಂದರೆ ಲೋಹದ ಚೂರು ಬೆರೆಸಿದ ಪ್ಯಾಡ್ ಹಾಕಿಸಿ, ಧೂಳು ತೊಳೆದರೆ ಹೋಗುತ್ತದೆ.

ಹುಬ್ಬಳ್ಳಿ ಸದಸ್ಯ: ನಮ್ಮ ಕಡೆ ಈ ಕೆಲಸ ಸರಿಯಾಗಿ ಮಾಡುವವರು ಯಾರಿದ್ದಾರೆ?

ಮಂಗಳೂರು ಕೇಮನ್: ಪೋರ್ಷೆ 718 ಕೇಮನ್. ಚೆನ್ನೈ ಹತ್ತಿರದ ಟ್ರ್ಯಾಕಿಗೆ ಹೋಗುವಾಗ ಮುಂದಿನ ಚಕ್ರಗಳಿಗೆ ರೇಸ್ ಪ್ಯಾಡ್ ಹಾಕಿಸಿದ್ದೆ. ದುಡ್ಡು ಕೊಟ್ಟಿದ್ದೇನಲ್ಲ ಅಂತ ಹಾಗೇ ಬಿಟ್ಟೆ. ಹೋದ ವಾರ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಮಂಜು, ಮಳೆ. ಮೊದಲ ತಿರುವಿನಲ್ಲಿ ಒತ್ತಿದರೆ ಕಾರು ನಿಧಾನವೇ ಆಗಲಿಲ್ಲ. ಪಕ್ಕದಲ್ಲಿ ಹೆಂಡತಿ ಇದ್ದಳು. ಕೆಳಗೆ ಬರುವಷ್ಟರಲ್ಲಿ ಪೆಡಲ್ ಒಳಗೆ ಇಳಿಯತೊಡಗಿತು. ನಿಲ್ಲಿಸಿ ಅರ್ಧ ಗಂಟೆ ಕಾದ ಮೇಲೆ ಸರಿಹೋಯಿತು. ಮೆಕ್ಯಾನಿಕ್ ನೋಡಿ ಏನೂ ತೊಂದರೆ ಇಲ್ಲ ಅಂದರು.

ಗ್ಯಾರೇಜಿನವರು: ಕಾರು ಈಗ ಎಲ್ಲಿದೆ? ಓಡಿಸಬೇಡಿ. ಮೊದಲ ತಿರುವಿನಲ್ಲಿ ಪೆಡಲ್ ಗಟ್ಟಿ ಇತ್ತಾ, ಮೆತ್ತಗಿತ್ತಾ? ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನ ಆಯಿತು? ಇಳಿಯುವಾಗ ಗೇರ್ ಯಾವುದು?

ಮಂಗಳೂರು ಕೇಮನ್: ಮನೆಯಲ್ಲೇ ಇದೆ. ಮೊದಲು ಕಲ್ಲಿನ ಹಾಗೆ ಗಟ್ಟಿ. ಕೆಳಗೆ ಬಂದಾಗ ಸ್ಪಂಜು. ಆಯಿಲ್ ಬದಲಾಯಿಸಿ ಮೂರು ವರ್ಷ ಮೇಲಾಗಿದೆ. ಗೇರ್ ತಾನೇ ಬದಲಾಗುವ ಡಿ ಮೋಡಲ್ಲೇ ಇಳಿದೆ. ಭಯಕ್ಕೆ ಬ್ರೇಕ್ ಮೇಲಿಂದ ಕಾಲು ತೆಗೆಯಲೇ ಇಲ್ಲ.

ಗ್ಯಾರೇಜಿನವರು: ಒಂದೇ ಇಳಿತದಲ್ಲಿ ಎರಡು ಬೇರೆ ತೊಂದರೆ ಆಗಿವೆ. ಬಿಡಿಸಿ ಹೇಳುತ್ತೇನೆ, ಎಲ್ಲರೂ ಓದಿ.

ಪೆಡಲ್ ಗಟ್ಟಿ, ಆದರೆ ಕಾರು ನಿಲ್ಲುವುದಿಲ್ಲ ಅಂದರೆ ಆಯಿಲ್ ಒತ್ತಡ ಸರಿ ಇದೆ, ಪ್ಯಾಡ್ ಹಿಡಿಯುತ್ತಿಲ್ಲ. ರೇಸ್ ಪ್ಯಾಡಿನ ಮಸಾಲೆ ನೂರಾರು ಡಿಗ್ರಿ ಬಿಸಿಯಲ್ಲಿ ಕೆಲಸ ಮಾಡಲೆಂದೇ ಮಾಡಿದ್ದು. ಟ್ರ್ಯಾಕಿನಲ್ಲಿ ಒಂದೆರಡು ಸುತ್ತಿನಲ್ಲಿ ಆ ಬಿಸಿ ಬರುತ್ತದೆ. ಮಳೆಯಲ್ಲಿ ನೆನೆದ ತಣ್ಣನೆ ಡಿಸ್ಕಿನ ಮೇಲೆ ಎಲ್ಲಿಂದ ಬರಬೇಕು? ತಣ್ಣಗಿರುವಾಗ ಅದು ಉಪ್ಪುಕಾಗದದ ಹಾಗೆ ಡಿಸ್ಕನ್ನೇ ಕೆರೆಯುತ್ತದೆ. ಕಾರು ಆರಿದ ಮೇಲೆ ಡಿಸ್ಕಿನ ಮೇಲೆ ಉಗುರು ಎಳೆದು ನೋಡಿ, ಗೆರೆಗಳು ಸಿಗುತ್ತವೆ.

ಜೊತೆಗೆ ಹಿಂದೆ ಕಂಪನಿ ಪ್ಯಾಡ್. ಹಾಗಾಗಿ ತಣ್ಣಗಿರುವಾಗ ಮುಂದಿನದ್ದು ಹಿಡಿಯಲ್ಲ, ಹಿಂದಿನದ್ದು ಹಿಡಿಯುತ್ತದೆ. ಒದ್ದೆ ತಿರುವಿನಲ್ಲಿ ಎಂಜಿನ್ ನಡುವೆ ಇರುವ ಕಾರಿಗೆ ಇದು ಬಹಳ ಕೆಟ್ಟದ್ದು. ನೀವಿಬ್ಬರೂ ಸುರಕ್ಷಿತವಾಗಿ ಮನೆ ಸೇರಿದ್ದು ನನಗೆ ನಿಜಕ್ಕೂ ಸಮಾಧಾನ.

ಕೆಳಗೆ ಪೆಡಲ್ ಸ್ಪಂಜಾದದ್ದು ಆಯಿಲ್ ಕುದಿದದ್ದರಿಂದ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯದೆ ಕನಿಷ್ಠ 230 ಡಿಗ್ರಿ ತಡೆಯಬೇಕು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 155. ಇಡೀ ಘಾಟಿ ಕಾಲು ಬ್ರೇಕ್ ಮೇಲಿದ್ದರೆ ಬಿಸಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗೆ ಇಳಿಯುತ್ತದೆ, ಆಯಿಲ್ ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಇಳಿಯುತ್ತದೆ. ತಣ್ಣಗಾದರೆ ಮತ್ತೆ ಆಯಿಲ್. ಅದಕ್ಕೇ ನಿಮ್ಮ ಮೆಕ್ಯಾನಿಕ್‌ಗೆ ಏನೂ ಕಾಣಲಿಲ್ಲ.

ಈಗ ಮಾಡಬೇಕಾದ್ದು: ಟೋ ಮಾಡಿಸಿ. ಮುಂದೆ ಕಂಪನಿ ಪ್ಯಾಡ್, ಎಡ ಬಲ ಎರಡೂ ಕಡೆ. ಡಿಸ್ಕಿನ ದಪ್ಪ ಅಳೆಸಿ. ಕನಿಷ್ಠ ಎಷ್ಟಿರಬೇಕು ಅಂತ ಡಿಸ್ಕಿನ ಮೇಲೇ ಬರೆದಿರುತ್ತದೆ. ಆಯಿಲ್ ಪೂರ್ತಿ ಬದಲಾಯಿಸಿ, ಇನ್ನು ಎರಡು ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಘಾಟಿಯಲ್ಲಿ ಮ್ಯಾನ್ಯುಯಲ್‌ಗೆ ಹಾಕಿ 2ನೇ ಗೇರಿನಲ್ಲಿ ಇಳಿಯಿರಿ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ, ಬಿಡಿ.

ಉಡುಪಿ ಸದಸ್ಯ: ವಾಟ್ಸಾಪಿನಲ್ಲಿ ಬಂದಿದೆ, ನೋಡಿ. ಘಾಟಿ ಇಳಿದ ಕೂಡಲೇ ಡಿಸ್ಕಿಗೆ ತಣ್ಣೀರು ಹಾಕಬೇಕಂತೆ. ಪ್ಯಾಡಿಗೆ ಎಣ್ಣೆ ತಾಗಿದರೆ ಗ್ಯಾಸ್ ಒಲೆ ಮೇಲೆ ಸುಟ್ಟರೆ ಹೊಸದರ ಹಾಗೆ ಆಗುತ್ತಂತೆ. ನಿಜವಾ?

ಗ್ಯಾರೇಜಿನವರು: ಎರಡೂ ಸುಳ್ಳು. ಕಾದ ಡಿಸ್ಕಿಗೆ ನೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಎಣ್ಣೆ ಕುಡಿದ ಪ್ಯಾಡ್ ಸುಟ್ಟರೆ ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಅಂಟು ಸತ್ತಿರುತ್ತದೆ. ಹಾಗೆ ಸುಟ್ಟ ಒಂದು ಪ್ಯಾಡನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೆಬ್ಬೆರಳಲ್ಲಿ ಒತ್ತಿದರೆ ಅಂಚು ರಾಗಿ ರೊಟ್ಟಿಯಂತೆ ಉದುರಿತು. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ.

ಬೆಂಗಳೂರು ಆಕ್ಟೇವಿಯಾ ಆರ್‌ಎಸ್: ಯಾವ ಪ್ಯಾಡ್ ಒಳ್ಳೆಯದು? ಸಿಟಿ ಮತ್ತು ಹೈವೇ.

ಗ್ಯಾರೇಜಿನವರು: ಮೇಲೆ ಹೇಳಿದ್ದೇನೆ.

ದುಬೈ ಕನ್ನಡಿಗ: ಇಲ್ಲಿನ ಜಬಲ್ ಜೈಸ್ ಬೆಟ್ಟದಲ್ಲಿ ನಾವು ರೇಸ್ ಪ್ಯಾಡಲ್ಲೇ ಇಳಿಯುತ್ತೇವೆ, ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ. ಪೋರ್ಷೆಗೆ ಸೆರಾಮಿಕ್ಕೇ ಬೆಸ್ಟ್.

ಮೈಸೂರು ಮಸ್ಟಾಂಗ್: ನಿಮ್ಮಲ್ಲಿ ಒಣ ರಸ್ತೆ ಸ್ವಾಮಿ. ಜುಲೈ ತಿಂಗಳ ಚಾರ್ಮಾಡಿ ನೋಡಿದ್ದೀರಾ? ಆಮೇಲೆ ಸೆರಾಮಿಕ್ ಅಂದರೆ ಪ್ಯಾಡಾ, ಡಿಸ್ಕಾ?

ದುಬೈ ಕನ್ನಡಿಗ: ಎರಡೂ ಒಂದೇ ಅಲ್ವಾ. ಹಳದಿ ಕ್ಯಾಲಿಪರ್.

ಮೈಸೂರು ಮಸ್ಟಾಂಗ್: ಒಂದೇ ಅಲ್ಲ! ಗೊತ್ತಿಲ್ಲದೆ ಸಲಹೆ ಕೊಡ್ತೀರಲ್ಲ.

ದುಬೈ ಕನ್ನಡಿಗ: ನಾನು ಓಡಿಸಿದಷ್ಟು ಕಿಲೋಮೀಟರ್ ನೀವು ಓಡಿಸಿದ್ದೀರಾ?

ಬೆಂಗಳೂರು ಝಡ್4: ಕ್ಯಾಲಿಪರಿಗೆ ಕೆಂಪು ಬಣ್ಣ ಹೊಡೆಸಬಹುದಾ?

ಗ್ಯಾರೇಜಿನವರು: ಜಗಳ ನಿಲ್ಲಿಸಿ. ಸೆರಾಮಿಕ್ ಪ್ಯಾಡ್ ಕಬ್ಬಿಣದ ಡಿಸ್ಕಿಗೆ ಹಾಕುವ ಸಾಮಾನ್ಯ ಪ್ಯಾಡ್. ಪೋರ್ಷೆಯ ಸೆರಾಮಿಕ್ ಡಿಸ್ಕ್ ಬೇರೆಯೇ ವಸ್ತು, ಅದಕ್ಕೆ ಅದರದ್ದೇ ಪ್ಯಾಡ್. ಅದಲು ಬದಲು ಮಾಡಿದರೆ ಬಹಳ ದುಬಾರಿ ಡಿಸ್ಕ್ ಹಾಳು. ದುಬೈಯವರೇ, ನಿಮಗೆ ಏನೂ ಆಗದೇ ಇದ್ದದ್ದು ಸಂತೋಷ. ಅದು ಇನ್ನೊಬ್ಬರಿಗೆ ಸಲಹೆ ಆಗುವುದಿಲ್ಲ.

ಉಡುಪಿ ಸದಸ್ಯ: ಕೀಚ್ ಅಂತ ಸದ್ದು ಬಂದರೆ ಪ್ಯಾಡಿಗೆ ಸ್ವಲ್ಪ ಕೊಬ್ಬರಿ ಎಣ್ಣೆ...

ಗ್ಯಾರೇಜಿನವರು: ಹಚ್ಚಬೇಡಿ. ಯಾವ ಎಣ್ಣೆಯನ್ನೂ ಹಚ್ಚಬೇಡಿ. ಮನೆಯವರು ಕೂರುವ ಕಾರು ಅದು. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಉತ್ತರಿಸುವುದಿಲ್ಲ.

ಬೆಂಗಳೂರು ಆಕ್ಟೇವಿಯಾ ಆರ್‌ಎಸ್: ರೇಟ್ ಎಷ್ಟಾಗಬಹುದು?

ಮಂಗಳೂರು ಕೇಮನ್: ಟೋ ಬುಕ್ ಮಾಡಿದೆ. ಹೊಸ ಪ್ಯಾಡ್ ಹಾಕಿದ ಮೇಲೆ ನೇರ ಘಾಟಿಗೆ ಹೋಗಬಹುದಾ?

ಗ್ಯಾರೇಜಿನವರು: ಬೇಡ. ಮೊದಲು ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸಿ ಕೂರಿಸಬೇಕು. ಡಬ್ಬಿಯ ಮೇಲೆ ಬರೆದಿರುವಂತೆ ಮಾಡಿ. ಬರೆದಿಲ್ಲದಿದ್ದರೆ ಖಾಲಿ ರಸ್ತೆಯಲ್ಲಿ ವೇಗ 60ರಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಇಳಿಸಿ. ನಡುವೆ ಸ್ವಲ್ಪ ದೂರ ಓಡಿಸಿ. ಕೊನೆಗೆ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಹೋಗಿ ಆರಲು ಬಿಡಿ. ಬಿಸಿ ಇರುವಾಗ ಪೆಡಲ್ ಒತ್ತಿಕೊಂಡು ನಿಂತರೆ ಪ್ಯಾಡಿನ ಗುರುತು ಡಿಸ್ಕಿಗೆ ಅಂಟುತ್ತದೆ, ಆಮೇಲೆ ಸ್ಟೀರಿಂಗ್ ಅದುರುತ್ತದೆ. ಹಿಂದಿನ ಪ್ಯಾಡ್ ಎಷ್ಟು ಎಂಎಂ ಉಳಿದಿದೆ ಅಂತ ಅಲ್ಲೇ ನೋಡಿಸಿ ನನಗೆ ಬರೆಯಿರಿ. 3ಕ್ಕೆ ಬಂದಿದ್ದರೆ ಅದನ್ನೂ ಈಗಲೇ ಬದಲಾಯಿಸಿ.