ಅಪ್ಪನ ಕೋವಿ ಮಾರುತ್ತಿದ್ದೇವೆ, ಕಾಗದಪತ್ರ ಇಟ್ಟುಕೊಳ್ಳಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ

ನಮ್ಮದು ಸಕಲೇಶಪುರ ಕಡೆ ಸಣ್ಣ ಕಾಫಿ ತೋಟ. ಬೆಳೆ ರಕ್ಷಣೆಗೆ ಅಂತ ಅಪ್ಪನ ಹೆಸರಿನಲ್ಲಿ ಲೈಸೆನ್ಸ್ ಇರುವ ಒಂದು ಜೋಡಿ ನಳಿಗೆಯ ತೋಟಾ (ಕಾಡತೂಸು) ಕೋವಿ ಇದೆ. ಹನ್ನೆರಡು ಬೋರ್, ಬೆಲ್ಜಿಯಂನದು. ಅಪ್ಪನಿಗೆ ಈಗ 73. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ. ನಾನು ಬೆಂಗಳೂರಿನಲ್ಲಿದ್ದೇನೆ, ನನಗೆ ಕೋವಿ ಬೇಡ. ಪಕ್ಕದ ತಾಲ್ಲೂಕಿನ ಪರಿಚಯದ ಬೆಳೆಗಾರರೊಬ್ಬರು ತೆಗೆದುಕೊಳ್ಳುತ್ತೇನೆ ಅಂದಿದ್ದಾರೆ, ಅವರ ಹತ್ತಿರ ಲೈಸೆನ್ಸ್ ಇದೆ. "ಗೊತ್ತಿರುವ ಮನುಷ್ಯ, ಆಫೀಸಿನಲ್ಲಿ ಹೆಸರು ಬದಲಾದರೆ ಮುಗಿಯಿತು, ಕಾಗದವನ್ನೆಲ್ಲ ಯಾಕೆ ಗುಡ್ಡೆ ಹಾಕಿಕೊಳ್ಳಬೇಕು" ಅನ್ನುತ್ತಾರೆ ಅಪ್ಪ. ನನಗೆ ಯಾಕೋ ಸಮಾಧಾನ ಇಲ್ಲ. ಮಾರಿದ ಮೇಲೆ ನಾವು ಏನೇನು ಇಟ್ಟುಕೊಳ್ಳಬೇಕು? ಎಷ್ಟು ವರ್ಷ?

ಕಾಫಿ ಬೆಳೆಗಾರರೊಬ್ಬರು

ಇಟ್ಟುಕೊಳ್ಳಿ. ಒಂದು ಚೀಟಿಯನ್ನೂ ಬಿಸಾಡಬೇಡಿ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ.

ದೊಡ್ಡಪ್ಪ 2016ರಲ್ಲಿ ಕೋವಿ ಮಾರಿದರು. 2021ರಲ್ಲಿ ತೀರಿಹೋದರು. 2023ರ ಏಪ್ರಿಲ್, ವಿಧಾನಸಭೆ ಚುನಾವಣೆಗೆ ಸ್ವಲ್ಪ ಮುಂಚೆ, ಸ್ಟೇಷನ್ನಿನವರೊಬ್ಬರು ಬೈಕಿನಲ್ಲಿ ಮನೆಗೆ ಬಂದರು. ಚುನಾವಣೆ ಬಂತೆಂದರೆ ಕೋವಿಯನ್ನು ಸ್ಟೇಷನ್ನಿಗೆ ಒಯ್ದು ಠೇವಣಿ ಇಡಿ ಅನ್ನುವುದು ನಮಗೆಲ್ಲ ಗೊತ್ತಿರುವುದೇ. ಅವರ ಕೈಯಲ್ಲಿ ಒಂದು ಪಟ್ಟಿ. ಅದರಲ್ಲಿ ದೊಡ್ಡಪ್ಪನ ಹೆಸರು, ಕೋವಿ ನಂಬರು, ಎದುರಿಗೆ ಠೇವಣಿಯ ಕಲಂ ಖಾಲಿ. "ಅಮ್ಮಾ, ಯಜಮಾನರ ಕೋವಿ ಎಲ್ಲಿ?" ಅಂದರು.

ದೊಡ್ಡಮ್ಮ ಅಡಿಗೆಮನೆಯಿಂದ ಕೈ ಒರೆಸಿಕೊಂಡು ಬಂದು, "ಅದನ್ನು ಅವರಿದ್ದಾಗಲೇ ಯಾರಿಗೋ ಕೊಟ್ಟರಪ್ಪ" ಅಂದರು. ಬಂದವರು ಒಳ್ಳೆಯ ಮನುಷ್ಯರು. "ಯಾರಿಗೋ ಅಂತ ನಾನು ಬರೆಯೋಕಾಗಲ್ಲ ಅಮ್ಮಾ" ಅಂದು ಜಗಲಿಯ ಮೇಲೆ ಕೂತರು. ಅಷ್ಟೊತ್ತಿಗೆ ನನಗೆ ಫೋನ್ ಬಂತು, ಹೋದೆ. ದೊಡ್ಡಮ್ಮನಿಗೆ ಕೈ ನಡುಗುತ್ತಿತ್ತು. ಗಂಡ ಇಲ್ಲ, ಕೋವಿ ಇಲ್ಲ, ಕೊಂಡವರು ಯಾರೆಂದು ಗೊತ್ತಿಲ್ಲ. ಪಟ್ಟಿಯಲ್ಲಿ ಮಾತ್ರ ಕೋವಿ ಅವರ ಮನೆಯಲ್ಲೇ ಇದೆ.

ಕೊನೆಗೆ ಕಬ್ಬಿಣದ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿತು. ಒಳಗೆ ನಾಲ್ಕೇ ಹಾಳೆ. ಮೊದಲನೆಯದು, ಇಂಥವರಿಗೆ ಮಾರಬೇಕೆಂದಿದ್ದೇನೆ ಅಂತ ದೊಡ್ಡಪ್ಪ ಬರೆದುಕೊಟ್ಟ ಅರ್ಜಿಯ ನಕಲು. ಅದರ ಮೇಲೆ ಟಪಾಲು ವಿಭಾಗದ ದುಂಡನೆಯ ನೇರಳೆ ಸೀಲು, ತಾರೀಕು, ನಂಬರು. ಎರಡನೆಯದು ಆಫೀಸಿನ ಅನುಮತಿ ಪತ್ರ. ಮೂರನೆಯದು ಕೊಂಡವರ ಲೈಸೆನ್ಸಿನಲ್ಲಿ ಈ ಕೋವಿ ಏರಿದ ಪುಟದ ಜೆರಾಕ್ಸ್. ನಾಲ್ಕನೆಯದು ದೊಡ್ಡಪ್ಪನ ಲೈಸೆನ್ಸಿನಲ್ಲಿ ಕೋವಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಸಹಿ ಮಾಡಿದ ಪುಟ. ಬಂದವರು ನಾಲ್ಕನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಕಾಫಿ ಕುಡಿದು ಹೋದರು. ಅರ್ಧ ಗಂಟೆಯ ಕೆಲಸ. ಕೊಂಡವರ ಜಿಲ್ಲೆಯಲ್ಲಿ ಕೋವಿ ಏರಿತ್ತು, ನಮ್ಮ ಕಡೆಯ ಪಟ್ಟಿಯಲ್ಲಿ ಇಳಿದಿರಲಿಲ್ಲ, ಅಷ್ಟೇ.

ಅದೇ ಊರಿನಲ್ಲಿ ಇನ್ನೊಬ್ಬರಿಗೂ ಇದೇ ಆಯಿತು. ಅವರ ಹತ್ತಿರ ಕಾಗದ ಇರಲಿಲ್ಲ. ಕೊಂಡವರನ್ನು ಹುಡುಕಿ, ಅವರ ಕೈಕಾಲು ಹಿಡಿದು ಲೈಸೆನ್ಸಿನ ನಕಲು ತರಿಸಿ, ಎರಡು ಜಿಲ್ಲೆಯ ಆಫೀಸಿಗೆ ಓಡಾಡಿ, ಎಲ್ಲ ಸರಿಯಾಗುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಕೊಂಡವರು ಬದುಕಿದ್ದರು, ಊರಿನಲ್ಲೇ ಇದ್ದರು, ಅದೇ ಪುಣ್ಯ.

ಇನ್ನು ಕಾನೂನಿನ ಮಾತು. ಆಯುಧ ಕಾಯ್ದೆ 1959ರ 5ನೇ ಸೆಕ್ಷನ್ ಪ್ರಕಾರ, ಸ್ವಂತಕ್ಕೆ ಇಟ್ಟುಕೊಂಡ ಕೋವಿಯನ್ನು ಮಾರಲು ವ್ಯಾಪಾರದ ಲೈಸೆನ್ಸ್ ಬೇಕಿಲ್ಲ. ಆದರೆ ಮಾರುವ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಸ್ಟೇಷನ್ ಅಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಕೊಳ್ಳುವವರ ಹೆಸರು, ವಿಳಾಸ ಅದರಲ್ಲಿ ಇರಬೇಕು. ತಿಳಿಸಿದ ಮೇಲೆ 45 ದಿನ ಕಳೆಯಬೇಕು. ಆಮೇಲೆ ಕೋವಿ ಕೈ ಬದಲಾಗಬಹುದು. ತಿಳಿಸದೆ ಮಾರಿದರೂ, 45 ದಿನಕ್ಕೆ ಮುಂಚೆ ಮಾರಿದರೂ ಆರು ತಿಂಗಳವರೆಗೆ ಜೈಲು ಅಥವಾ ದಂಡ ಇದೆ. ಹಾಗಾಗಿ ನಿಮ್ಮ ಮೊದಲ ಕಾಗದ ಹುಟ್ಟುವುದು ಮಾರಾಟದ ದಿನವಲ್ಲ, ಅದಕ್ಕೆ ಒಂದೂವರೆ ತಿಂಗಳು ಮುಂಚೆ. ಆ ಸೀಲು ಬಿದ್ದ ನಕಲು ಇಲ್ಲದಿದ್ದರೆ ನೀವು ತಿಳಿಸಿದ್ದೀರಿ ಅನ್ನುವುದಕ್ಕೆ ಸಾಕ್ಷಿಯೇ ಇಲ್ಲ. ಅರ್ಜಿಯನ್ನು ಟೇಬಲಿನ ಮೇಲೆ ಸುಮ್ನೆ ಇಟ್ಟು ಬರಬೇಡಿ. ಎರಡು ಪ್ರತಿ ಒಯ್ದು, ಒಂದಕ್ಕೆ ಸೀಲು ಹಾಕಿಸಿಕೊಂಡೇ ಬನ್ನಿ.

ಎಷ್ಟು ವರ್ಷ ಅಂತ ಕೇಳಿದಿರಿ. ಚೆನ್ನಾಗಿ ನೋಡಿಕೊಂಡರೆ ಕೋವಿ ನೂರು ವರ್ಷ ಬಾಳುತ್ತದೆ. ಅದು ಇರುವಷ್ಟು ದಿನ ಕಾಗದವೂ ಇರಲಿ. ನಾಲ್ಕು ಹಾಳೆಗೆ ಜಾಗ ಎಷ್ಟು ಬೇಕು, ಹೇಳಿ.

ತೀರ್ಥಹಳ್ಳಿ ಕಡೆಯಿಂದ

ಮೇಲಿನವರು ಹೇಳಿದ್ದು ಸರಿ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ: ಕಾಗದ ಇದ್ದರೆ ಸಾಲದು, ಕಾಗದದ ನಂಬರು ಕೋವಿಯ ನಂಬರಿಗೆ ಹೊಂದಬೇಕು.

ನಮ್ಮ ಅಜ್ಜನ ಕಾಲದ ಲೈಸೆನ್ಸ್ ಪುಸ್ತಕ ಕೈಬರಹದ್ದು. ಪುಟ ತುಂಬಿದಾಗ ಹೊಸ ಪುಸ್ತಕಕ್ಕೆ ನಕಲು ಮಾಡಿಕೊಟ್ಟಿದ್ದರು. ಹಾಗೆ ಬರೆಯುವಾಗ ಯಾವಾಗಲೋ ಒಂದು 3 ಹೋಗಿ 8 ಆಗಿದೆ. ನಲವತ್ತು ವರ್ಷ ಯಾರೂ ನೋಡಿಲ್ಲ. ಪ್ರತಿ ನವೀಕರಣಕ್ಕೂ ಅದೇ 8. ನಾವು ಮಾರಲು ಹೊರಟಾಗ ಕೊಳ್ಳುವವರ ಕಡೆಯ ಆಫೀಸಿನಲ್ಲಿ ಕೋವಿ ತೋರಿಸಿ ಅಂದರು. ಮುಂದಿನ ಮರದ ತುಂಡು ಬಿಚ್ಚಿ, ನಳಿಗೆ ಕಳಚಿ, ಒಳಗಿನ ಎಣ್ಣೆ ಒರೆಸಿ ನೋಡಿದರೆ ಕಬ್ಬಿಣದ ಮೇಲೆ ಸ್ಪಷ್ಟವಾಗಿ 3. ಪುಸ್ತಕದಲ್ಲಿ 8. ಅಲ್ಲಿಗೆ ಎಲ್ಲ ನಿಂತಿತು. ಈ ಕೋವಿ ನಿಮ್ಮದೇ ಅಂತ ಹೇಗೆ ನಂಬೋದು ಅಂತ ಕೇಳಿದರೆ ನಾವು ಏನು ಹೇಳುವುದು? ತಿದ್ದುಪಡಿಗೆ ಅರ್ಜಿ, ಸ್ಟೇಷನ್ನಿನಿಂದ ಪರಿಶೀಲನೆ, ಮಹಜರು, ಹಿಂಬರಹ. ಐದು ತಿಂಗಳು ಹಿಡಿಯಿತು. ನಮ್ಮನ್ನು ಉಳಿಸಿದ್ದು ಅಜ್ಜ ಕೊಂಡಾಗಿನ ಅಂಗಡಿ ರಸೀದಿ. ಹಳದಿ ಬಣ್ಣಕ್ಕೆ ತಿರುಗಿ, ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಅದರಲ್ಲಿ ನಂಬರು 3 ಅಂತಲೇ ಇತ್ತು.

ಹಾಗಾಗಿ ಇವತ್ತೇ ನಳಿಗೆ ಕಳಚಿ ನಂಬರು ನೋಡಿ. ತೋಟಾ ತೆಗೆದಿದೆಯಾ ಅಂತ ಎರಡು ಸಲ ನೋಡಿಕೊಂಡು ಆಮೇಲೆ ಕೈ ಹಾಕಿ. ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಅದರ ಪಕ್ಕ ಲೈಸೆನ್ಸ್ ಪುಟದ ಫೋಟೋ ಇಡಿ. ಎರಡೂ ಒಂದೇ ಆಗಿದ್ದರೆ ಮಾತ್ರ ಅರ್ಜಿ ಬರೆಯಿರಿ.

ಮಲೆನಾಡಿನಲ್ಲಿ ಕಾಗದ ಉಳಿಸುವುದು ಹೇಗೆ ಅನ್ನುವುದೂ ದೊಡ್ಡ ವಿಷಯವೇ. ಆಷಾಢದ ಮಳೆಗೆ ನಮ್ಮ ಲೈಸೆನ್ಸ್ ಪುಸ್ತಕದ ಪುಟಗಳು ಒಂದಕ್ಕೊಂದು ಅಂಟಿ, ಬಿಡಿಸಲು ಹೋದರೆ ಸೀಲಿನ ಶಾಯಿ ಆಚೆ ಪುಟಕ್ಕೆ ಹತ್ತಿಕೊಂಡಿತ್ತು. ಬೂಷ್ಟು, ಗೆದ್ದಲು ಎರಡೂ ಕಾಯುತ್ತಿರುತ್ತವೆ. ಸ್ಕ್ಯಾನ್ ಮಾಡಿಸಿ ನಿಮ್ಮ ಮೇಲ್‌ಗೆ ಹಾಕಿಕೊಳ್ಳಿ. ಅಕ್ಕ ತಂಗಿ ಇದ್ದರೆ ಅವರಿಗೂ ಒಂದು ಪ್ರತಿ ಕಳಿಸಿ.

ಶೃಂಗೇರಿ ಕಡೆಯಿಂದ

ನಮ್ಮ ಅಪ್ಪ 1998ರಲ್ಲಿ ಮಾರಿದ್ದು. ಒಂದು ಕಾಗದವನ್ನೂ ಇಟ್ಟಿಲ್ಲ. ಇವತ್ತಿನವರೆಗೆ ಯಾರೂ ಕೇಳಿಲ್ಲ. ಸುಮ್ನೆ ಹೆದರಿಸಬೇಡಿ.

ನಿವೃತ್ತ ಪೊಲೀಸ್ ಸಿಬ್ಬಂದಿ

ಶೃಂಗೇರಿಯವರೇ, ನಿಮ್ಮನ್ನು ಯಾರೂ ಕೇಳಿಲ್ಲ ಅಂದರೆ ಆ ಕೋವಿಯಿಂದ ಯಾರಿಗೂ ತೊಂದರೆ ಆಗಿಲ್ಲ ಅಂತ ಅರ್ಥ. ಹಾಗೇ ಇರಲಿ. ನಾನು ಹಲವು ವರ್ಷ ಸ್ಟೇಷನ್ನಿನಲ್ಲಿ ರೈಟರ್, ಅಂದರೆ ದಾಖಲೆ ಬರೆಯುವವನು, ಆಗಿದ್ದವನು. ಒಂದು ಕೋವಿ ಕಾಡಿನಲ್ಲೋ ಜಗಳದಲ್ಲೋ ಸಿಕ್ಕಿತು ಅಂದುಕೊಳ್ಳಿ. ನಾವು ಮೊದಲು ನೋಡುವುದು ನಂಬರು. ಆ ನಂಬರು ಯಾರ ಹೆಸರಿನಲ್ಲಿದೆ ಅಂತ ರಿಜಿಸ್ಟರ್ ನೋಡುತ್ತೇವೆ. ಅಲ್ಲಿ ನಿಮ್ಮ ಹೆಸರಿದ್ದರೆ ನಿಮ್ಮ ಮನೆಗೇ ಬರುತ್ತೇವೆ. ನೀವು ತಪ್ಪು ಮಾಡಿದ್ದೀರಿ ಅಂತ ಅಲ್ಲ. ನಮಗೆ ಬೇರೆ ದಾರಿ ಇಲ್ಲ. ಆವಾಗ ಕಾಗದ ತೋರಿಸಿದವರನ್ನು ಬಾಗಿಲಲ್ಲೇ ಮಾತಾಡಿಸಿ ಬಂದಿದ್ದೇನೆ. ಬಾಯಲ್ಲಿ ಹೇಳಿದವರನ್ನು ಸ್ಟೇಷನ್ನಿಗೆ ಕರೆಸಿ ಹೇಳಿಕೆ ಬರೆಸಿಕೊಂಡಿದ್ದೇನೆ. ಅವರೂ ನಿರಪರಾಧಿಗಳೇ. ಬೆಳಗ್ಗೆ ಬಂದು ಬೆಂಚಿನ ಮೇಲೆ ಕೂತವರು ಸಂಜೆ ಮನೆಗೆ ಹೋದದ್ದನ್ನು ನೋಡಿದ್ದೇನೆ.

ಪ್ರಶ್ನೆ ಕೇಳಿದವರಿಗೆ ಎರಡು ಮಾತು. ಕೊಳ್ಳುವವರ ಲೈಸೆನ್ಸನ್ನು ಕಣ್ಣಾರೆ ನೋಡಿ. ಅವಧಿ ಇದೆಯಾ, ಯುಐಎನ್ (ಲೈಸೆನ್ಸ್‌ದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಇದೆಯಾ, ಈಗಾಗಲೇ ಎಷ್ಟು ಕೋವಿ ಇವೆ. 2019ರ ಡಿಸೆಂಬರ್‌ನ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ. ಮೊದಲು ಮೂರು ಇತ್ತು. ಅವರ ಹತ್ತಿರ ಎರಡಿದ್ದರೆ ನಿಮ್ಮದನ್ನು ಕೊಳ್ಳುವ ಹಾಗಿಲ್ಲ, ಎಷ್ಟೇ ಒಳ್ಳೆಯವರಾಗಿರಲಿ. ಇನ್ನೊಂದು, ಹಣ ಬ್ಯಾಂಕಿನ ಮೂಲಕ ಬರಲಿ. ಮಾರಾಟದ ಚೀಟಿಯಲ್ಲಿ ಕೋವಿಯ ನಂಬರು, ಬೋರ್, ಎರಡೂ ಕಡೆಯ ಲೈಸೆನ್ಸ್ ನಂಬರು, ಕೊಟ್ಟ ತಾರೀಕಿನ ಜೊತೆಗೆ ಕೊಟ್ಟ ಹೊತ್ತನ್ನೂ ಬರೆಯಿರಿ. ಹೊತ್ತು ಯಾಕೆ ಅಂತ ಕೇಳುತ್ತಾರೆ. ಆ ದಿನ ಮಧ್ಯಾಹ್ನದ ಮೇಲೆ ಏನಾದರೂ ಆದರೆ ಕೋವಿ ಯಾರ ಕೈಯಲ್ಲಿತ್ತು ಅನ್ನುವುದಕ್ಕೆ ಅದೇ ಆಧಾರ.

ನಿಮಗೇ ಬೇಕು ಅನ್ನಿಸಿದರೆ, 70 ದಾಟಿದ ಲೈಸೆನ್ಸ್‌ದಾರರ ಕೋವಿಯನ್ನು ವಾರಸುದಾರರಿಗೆ ಮಾಡಿಕೊಡುವ ದಾರಿ 2016ರ ಆಯುಧ ನಿಯಮಗಳಲ್ಲಿ ಇದೆ. ಬೇಡ ಅಂದಿದ್ದೀರಿ, ಆದರೂ ತಿಳಿದಿರಲಿ.

ವಿರಾಜಪೇಟೆಯಿಂದ

ನಮ್ಮ ಕೊಡಗಿನ ಕಥೆ ಸ್ವಲ್ಪ ಬೇರೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಗೃಹ ಇಲಾಖೆ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತೋಕ್‌ಪೂ (ಕೋವಿ ಹೂವು) ಇಟ್ಟು ಪೂಜಿಸುವ ಕೋವಿಯನ್ನು ಮಾರುವ ಮಾತು ನಮ್ಮ ಮನೆಗಳಲ್ಲಿ ಕಡಿಮೆ. ಆದರೂ ಕೆಲವರು ಮಾರುತ್ತಾರೆ, ಆಗ ಒಂದು ತಪ್ಪು ತಿಳುವಳಿಕೆ ಆಗುತ್ತದೆ. ವಿನಾಯಿತಿ ಇರುವುದು ಮನುಷ್ಯನಿಗೆ, ಕೋವಿಗಲ್ಲ. ವಿನಾಯಿತಿ ಇಲ್ಲದವರ ಕೈಗೆ ಹೋದರೆ ಅವರಿಗೆ ಲೈಸೆನ್ಸ್ ಬೇಕೇ ಬೇಕು. ನಮಗೆ ಲೈಸೆನ್ಸ್ ಇಲ್ಲ, ಕಾಗದ ಎಲ್ಲಿಂದ ಬರಬೇಕು ಅಂತ ಬಿಟ್ಟುಬಿಡಬೇಡಿ. ಲೈಸೆನ್ಸ್ ಪುಸ್ತಕ ಇಲ್ಲದವರಿಗೇ ಚೀಟಿಯ ಅಗತ್ಯ ಜಾಸ್ತಿ.

ಮೂಡಿಗೆರೆ ಕಡೆಯಿಂದ

ತೋಟಾ ಮರೆಯಬೇಡಿ! ಕೋವಿ ಕೊಟ್ಟು, ಲೈಸೆನ್ಸ್ ವಾಪಸ್ ಮಾಡಿ ಎರಡು ವರ್ಷ ಆದ ಮೇಲೆ ಪತ್ತಾಯ (ಭತ್ತ ತುಂಬುವ ಪೆಟ್ಟಿಗೆ) ತೊಳೆಯುವಾಗ ಅಮ್ಮನಿಗೆ ಬಟ್ಟೆಯಲ್ಲಿ ಸುತ್ತಿದ ಏಳು ತೋಟಾ ಸಿಕ್ಕಿತು. ಉಬ್ಬಿ, ತುದಿ ಬಿಚ್ಚಿಕೊಂಡಿದ್ದವು. ಲೈಸೆನ್ಸ್ ಇಲ್ಲದೆ ತೋಟಾ ಇಟ್ಟುಕೊಳ್ಳುವ ಹಾಗೂ ಇಲ್ಲ. ಅವತ್ತೇ ಸ್ಟೇಷನ್ನಿಗೆ ಒಯ್ದು ಕೊಟ್ಟು, ಏಳು ಅಂತ ಬರೆಸಿ ರಸೀದಿ ತಂದೆವು. ಮಾರುವ ಮುಂಚೆ ಮನೆಯ ಮೂಲೆ ಮೂಲೆ ನೋಡಿ.

ಟೆಕ್ಸಸ್‌ನಿಂದ ಒಬ್ಬ ಕನ್ನಡಿಗ

ಇಲ್ಲಿ ಪರಿಸ್ಥಿತಿ ತಿರುಗಾಮುರುಗಾ. ಒಂದೇ ರಾಜ್ಯದ ಇಬ್ಬರು ಖಾಸಗಿಯಾಗಿ ಮಾರಿ ಕೊಂಡರೆ ಕೇಂದ್ರದ ಕಾನೂನು ಯಾವ ಕಾಗದವನ್ನೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಂಥ ಕಡೆ ಡೀಲರ್ ಮೂಲಕವೇ ಆಗಬೇಕು, ಟೆಕ್ಸಸ್‌ನಲ್ಲಿ ಹಾಗಿಲ್ಲ. ಆದರೂ ನಾನು ಮಾರಿದಾಗ ಚೀಟಿ ಬರೆಸಿಕೊಂಡೆ. ಯಾಕೆಂದರೆ ಇಲ್ಲಿ ಪೊಲೀಸರಿಗೆ ಗನ್ ಸಿಕ್ಕರೆ ತಯಾರಿಸಿದ ಕಂಪನಿಯಿಂದ ಅಂಗಡಿಗೆ, ಅಂಗಡಿಯ ಫಾರಂನಿಂದ ಮೊದಲು ಕೊಂಡವನಿಗೆ ಬಂದು ನಿಲ್ಲುತ್ತಾರೆ. ಆ ಮೊದಲನೆಯವನು ನಾನು. ಕೊಂಡವರು ಚೀಟಿ ಬೇಡ ಅಂದರೆ ನಾನು ಗನ್ ಕೊಡುವುದಿಲ್ಲ. ಒಬ್ಬರು ಹಾಗೆ ಅಂದರು, ವ್ಯಾಪಾರ ಬಿಟ್ಟೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಊರಿಗೆ ಹೋಗಿದ್ದೆ. ದೊಡ್ಡಮ್ಮನ ಕಥೆಯನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಹೋಗಿ ಕೋವಿ ತಂದು, ಮಡಚಿ, ಎರಡೂ ನಳಿಗೆ ಖಾಲಿ ಅಂತ ತೋರಿಸಿ ನನ್ನ ಮುಂದೆ ಇಟ್ಟರು. ನಳಿಗೆ ಕಳಚಿ ನಂಬರು ನೋಡಿದೆವು. ನಾನು ಓದಿದೆ, ಅಮ್ಮ ಲೈಸೆನ್ಸ್ ಹಿಡಿದುಕೊಂಡು ಒಂದೊಂದೇ ಅಂಕಿ ಹೊಂದಿಸಿದರು. ಸರಿಯಾಗಿದೆ. ಹಳೆ ಬೀರುವಿನಲ್ಲಿ ಮೂರು ತೋಟಾ ಸಿಕ್ಕಿವೆ, ಅವನ್ನೂ ಅರ್ಜಿಯಲ್ಲಿ ಬರೆಯುತ್ತೇವೆ. ಕೊಳ್ಳುವವರ ಲೈಸೆನ್ಸಿನ ಫೋಟೋ ತರಿಸಿಕೊಂಡೆ. ಅವರ ಹತ್ತಿರ ಒಂದೇ ಕೋವಿ ಇದೆ, ಅವಧಿಯೂ ಇದೆ.

ಸೋಮವಾರ ಅಪ್ಪನೇ ಎರಡು ಪ್ರತಿ ತೆಗೆದುಕೊಂಡು ಅರ್ಜಿ ಕೊಡಲು ಹೋಗುತ್ತಾರೆ. ಸೀಲು ಬಿದ್ದ ದಿನದಿಂದ 45 ದಿನ ಎಣಿಸಲು ಅಮ್ಮ ಕ್ಯಾಲೆಂಡರಿನ ಪಕ್ಕ ಪೆನ್ಸಿಲ್ ಕಟ್ಟಿದ್ದಾರೆ.