ಪ್ರಶ್ನೋತ್ತರ: ಮಸ್ಟ್, ಮೇ, ಮೈಟ್, ಕಾಂಟ್

ಅಡ್ಮಿನ್: ಇವತ್ತು ಇಂಗ್ಲಿಷ್ ಮೇಡಂ ಉತ್ತರ ಕೊಡ್ತಾರೆ. ವಿಷಯ: "ಇರಬೇಕು, ಇರಬಹುದು, ಇರೋಕೆ ಸಾಧ್ಯವೇ ಇಲ್ಲ" ಅನ್ನೋದನ್ನ ಇಂಗ್ಲಿಷಲ್ಲಿ ಹೇಳೋದು ಹೇಗೆ. ಬರೀ ನಿಯಮ ಕೇಳಬೇಡಿ, ನಿಮ್ಮ ವಾಕ್ಯ ಹಾಕಿ.

ಟಿಕೆಟ್ ಕ್ಲೋಸ್: ನಮಸ್ತೆ ಮೇಡಂ. ಕ್ಲೈಂಟಿಗೆ ಮೇಲ್: "ದ ಸರ್ವರ್ ಮಸ್ಟ್ ಬಿ ಡೌನ್." ಸರೀನಾ?

ಮೇಡಂ: ನಮಸ್ತೆ. ವ್ಯಾಕರಣ ಸರಿ. ಆದ್ರೆ ಹೀಗೆ ಬರೆದ್ರೆ "ಖುದ್ದು ನೋಡಿಲ್ಲ, ಲಕ್ಷಣ ನೋಡಿ ಹೇಳ್ತಿದ್ದೀನಿ" ಅಂತಾಗುತ್ತೆ. ಪರೀಕ್ಷಿಸಿ ಗೊತ್ತಾಗಿದ್ರೆ "ಈಸ್ ಡೌನ್" ಬರೀರಿ. ನೆಟ್‌ವರ್ಕ್ ತೊಂದರೆಯೂ ಆಗಿರಬಹುದು ಅನ್ನಿಸಿದ್ರೆ "ಮೇ ಬಿ ಡೌನ್". ಬಿಡಿಸಿ ಬರೀರಿ. ಕೂಡಿಸಿ ಬರೆಯೋ "ಮೇಬಿ" ಬೇರೆ, ಅದು ಸಾಮಾನ್ಯವಾಗಿ ವಾಕ್ಯದ ಶುರುವಿಗೆ ಬರೋದು.

ಸಿಇಟಿ ಅಪ್ಪ: ಎಲ್ಲರಿಗೂ ಉಪಯೋಗ ಆಗ್ಲಿ ಅಂತ ಬಂದ ಹಾಗೇ ಕಳಿಸ್ತಿದ್ದೀನಿ 🙏 ಮಸ್ಟ್ = 100%, ಶುಡ್ = 80%, ಮೇ = 50%, ಮೈಟ್ = 30%, ಕಾಂಟ್ = 0%. ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಮೇಡಂ: ದಯವಿಟ್ಟು ಮಾಡಿಸಬೇಡಿ. 100% ಗೊತ್ತಿದ್ರೆ ಮಸ್ಟ್ ಬೇಕಾಗೋದೇ ಇಲ್ಲ. "ಹೀ ಈಸ್ ಅಟ್ ಹೋಮ್" ಅನ್ನೋದು "ಹೀ ಮಸ್ಟ್ ಬಿ ಅಟ್ ಹೋಮ್" ಅನ್ನೋದಕ್ಕಿಂತ ಗಟ್ಟಿ ಮಾತು. ಮೇ, ಮೈಟ್ ನಡುವೆ 20 ಅಂಕದ ಅಂತರ ಯಾರು ಅಳೆದ್ರೋ! ಇವತ್ತು-ನಾಳೆಯ ಮಾತಿಗೆ ಎರಡೂ ನಡೆಯುತ್ತೆ, ಮೈಟ್‌ನಲ್ಲಿ ಅಳುಕು ಕೊಂಚ ಜಾಸ್ತಿ, ಅಷ್ಟೆ.

ನರ್ಸಮ್ಮ ದಾವಣಗೆರೆ: ಮೇಡಂ, ಒಇಟಿ ಪರೀಕ್ಷೆಯ (ನರ್ಸ್, ಡಾಕ್ಟರಂಥವರಿಗೆ ಇರೋ ಇಂಗ್ಲಿಷ್ ಪರೀಕ್ಷೆ) ಪತ್ರ. ಕೇಸ್ ನೋಟ್ಸ್: 78 ವರ್ಷದ ಅಜ್ಜಿ, ಸಕ್ಕರೆ ಕಾಯಿಲೆ, ನಿನ್ನೆ ರಾತ್ರಿ ಮೆಟ್‌ಫಾರ್ಮಿನ್ ತಗೊಂಡ್ರೋ ಇಲ್ವೋ ಮಗಳಿಗೆ ಖಾತ್ರಿ ಇಲ್ಲ. ತಗೊಂಡಿರಲಿಕ್ಕಿಲ್ಲ ಅಂತ ಹೇಳೋಕೆ "ಶಿ ಮಸ್ಟ್ ನಾಟ್ ಟೇಕ್ ಮೆಟ್‌ಫಾರ್ಮಿನ್ ಅಟ್ ನೈಟ್" ಅಂತ ಬರೆದೆ. ನಡೆಯುತ್ತಾ?

ಮೇಡಂ: ಇದನ್ನ ಹೀಗೇ ಬಿಡೋ ಹಾಗಿಲ್ಲ. ನೀವು ಬರೆದದ್ದರ ಅರ್ಥ "ಅಜ್ಜಿ ರಾತ್ರಿ ಮೆಟ್‌ಫಾರ್ಮಿನ್ ತಗೋಳ್ಳಲೇಬಾರದು". ನಿಜವಾದ ಪತ್ರ ಆಗಿದ್ರೆ ಓದಿದವರು ಮಾತ್ರೆ ನಿಲ್ಲಿಸ್ತಾರೆ.

ಎಡವಿರೋದು ಎರಡು ಕಡೆ. ಮೊದಲು ಕಾಲ. ಆಗಿಹೋದದ್ದರ ಬಗ್ಗೆ ಊಹೆ ಅಂದ್ರೆ ಮೋಡಲ್ (ಮಸ್ಟ್, ಮೇ, ಕಾಂಟ್ ಥರದ ಸಹಾಯಕ ಕ್ರಿಯಾಪದ) ಆದ್ಮೇಲೆ "ಹ್ಯಾವ್", ಆಮೇಲೆ ಕ್ರಿಯಾಪದದ ಮೂರನೇ ರೂಪ: "ಹ್ಯಾವ್ ಟೇಕನ್". ಮುಂದೆ ಶಿ ಇದ್ರೂ "ಹ್ಯಾಸ್" ಆಗಲ್ಲ. ಆಮೇಲೆ ನಕಾರ. ತಗೊಂಡಿರಬೇಕು ಅನ್ನೋಕೆ "ಮಸ್ಟ್ ಹ್ಯಾವ್ ಟೇಕನ್". ಅದನ್ನ ಉಲ್ಟಾ ಮಾಡೋಕೆ ಮಸ್ಟ್‌ಗೆ ನಾಟ್ ಅಂಟಿಸಬೇಡಿ, "ಕಾಂಟ್ ಹ್ಯಾವ್ ಟೇಕನ್" ಬರುತ್ತೆ.

ಇನ್ನು ಯಾವುದನ್ನ ಬರೀಬೇಕು ಅನ್ನೋದು ನೋಟ್ಸ್‌ನಲ್ಲಿರೋ ಆಧಾರದ ಮೇಲೆ. ಮಗಳಿಗೆ ಖಾತ್ರಿ ಇಲ್ಲ ಅಂತಷ್ಟೇ ಇದ್ರೆ "ಶಿ ಮೇ ನಾಟ್ ಹ್ಯಾವ್ ಟೇಕನ್". ವಾರದ ಮಾತ್ರೆ ಡಬ್ಬಿಯಲ್ಲಿ ನಿನ್ನೆ ರಾತ್ರಿಯ ಗೂಡಲ್ಲಿ ಮಾತ್ರೆ ಹಾಗೇ ಕೂತಿದೆ, ಮನೇಲಿ ಬೇರೆ ಸ್ಟ್ರಿಪ್ ಇಲ್ಲ ಅಂತಿದ್ರೆ "ಕಾಂಟ್ ಹ್ಯಾವ್ ಟೇಕನ್" ಅಥವಾ "ಮಸ್ಟ್ ಹ್ಯಾವ್ ಮಿಸ್ಡ್". ಗೂಡು ಖಾಲಿ ಇದ್ರೆ "ಮಸ್ಟ್ ಹ್ಯಾವ್ ಟೇಕನ್" ಬರೆಯೋಕೆ ಕೈ ಓಡುತ್ತೆ, ತಡೀರಿ. ಮಾತ್ರೆ ಮಂಚದ ಕೆಳಗೂ ಬಿದ್ದಿರಬಹುದು. ಗೂಡು ಖಾಲಿ ಇತ್ತು ಅಂತ ಕಂಡದ್ದನ್ನಷ್ಟೇ ಬರೀರಿ.

"ಶುಡ್ ಹ್ಯಾವ್ ಟೇಕನ್" ಬೇಡ, ತಗೋಬೇಕಿತ್ತು, ತಗೊಳ್ಳಲಿಲ್ಲ ಅನ್ನೋ ದೂರಾಗುತ್ತೆ. "ಕುಡ್ ಹ್ಯಾವ್ ಟೇಕನ್" ಇನ್ನೂ ಬೇಡ: ತಗೊಂಡಿರಬಹುದು ಅಂತಲೂ ಓದಬಹುದು, ತಗೋಬಹುದಿತ್ತು ಆದ್ರೆ ತಗೊಳ್ಳಲಿಲ್ಲ ಅಂತಲೂ ಓದಬಹುದು. ಪತ್ರ 180ರಿಂದ 200 ಪದ ಅಂತ ಇಲ್ಲಿ ಜಿಪುಣತನ ಮಾಡಬೇಡಿ. "ಹರ್ ಡಾಟರ್ ಈಸ್ ನಾಟ್ ಶ್ಯೂರ್ ವೆದರ್ ಶಿ ಟುಕ್ ಇಟ್." ಮೋಡಲ್ಲೇ ಇಲ್ಲ, ಗೊಂದಲವೂ ಇಲ್ಲ.

ನರ್ಸಮ್ಮ ದಾವಣಗೆರೆ: ತುಂಬಾ ಥ್ಯಾಂಕ್ಸ್ ಮೇಡಂ. ಅದೇ ಅಜ್ಜಿ ಬಚ್ಚಲಲ್ಲಿ ಜಾರಿದ್ದಾರೆ. "ಶಿ ಮೈಟ್ ಹ್ಯಾವ್ ಬ್ರೋಕನ್ ಹರ್ ಹಿಪ್"?

ಮೇಡಂ: ಎಕ್ಸ್‌ರೇ ಇನ್ನೂ ಆಗಿಲ್ಲ ಅಂದ್ರೆ "ಮೇ ಹ್ಯಾವ್ ಬ್ರೋಕನ್". ಮೈಟ್ ತಪ್ಪಲ್ಲ. ಆದ್ರೆ "ಮುರಿದೇ ಹೋಗ್ತಿತ್ತು, ಸದ್ಯ ಬಚಾವು" ಅನ್ನೋ ಅರ್ಥಾನೂ ಅದಕ್ಕಿದೆ.

ಧಾರವಾಡ ಪೇಡಾ: ಮೇಡಂ, ಅಮೆರಿಕಾದಾಗ "ಹೀ ಮಸ್ಟ್ ನಾಟ್ ಬಿ ಹೋಮ್" ಅಂತ ಸರಾಗ ಅಂತಾರ್ರೀ. ಮನ್ಯಾಗ ಇರಲಿಕ್ಕಿಲ್ಲ ಅಂತನ ಅರ್ಥ. ನೀವು ತಪ್ಪಂದ್ರ ಹೆಂಗ?

ಮೈಸೂರ್ ಪಾಕ್: ಇರಲಿಕ್ಕಿಲ್ಲ ಅಂದ್ರೆ "ಮೇ ನಾಟ್ ಬಿ" ಸರ್.

ಧಾರವಾಡ ಪೇಡಾ: ನಿಮ್ಮ ಕಡೆ ಇದ್ದೀತು. ನಮ್ಮ ಕಡೆ ಇರಲಿಕ್ಕಿಲ್ಲ ಅಂದ್ರ ಮುಕ್ಕಾಲು ಪಾಲು ಇಲ್ಲಾ ಅಂತನ.

ಮೈಸೂರ್ ಪಾಕ್: ಹಾಗಾದ್ರೆ 75%. ಪಟ್ಟಿಗೆ ಸೇರಿಸಿಬಿಡಿ 😀

ಧಾರವಾಡ ಪೇಡಾ: ನಗೂದ ಏನೈತಿ ಇದರಾಗ? ಬಂದಾನು, ಹೋದಾನು ಅನ್ನೂದು ನಿಮ್ಮ ಮಾತಿನಾಗ ಉಳದಿಲ್ಲ, ನಮಗ ಹೇಳಾಕ ಬರ್ತೀರಿ.

ಮೈಸೂರ್ ಪಾಕ್: "ಬಿದ್ದೀಯ, ಹುಷಾರು" ಅಂತ ನಮ್ಮಲ್ಲಿ ದಿನಾ ಅಂತಾರೆ. ಅದೂ ಸಂಭಾವನಾರ್ಥಕವೇ. ಮೊದಲು ತಿಳ್ಕೊಂಡು ಮಾತಾಡಿ.

ಮೇಡಂ: ಇಬ್ಬರೂ ನಿಲ್ಲಿಸಿ. ಅಮೆರಿಕನ್ ಬಳಕೆ ನಿಜ. ಆದ್ರೆ ಅಲ್ಲಿ ಬಿಡಿಸಿ ಹೇಳ್ತಾರೆ, "ಮಸಂಟ್" ಅಂತ ಕೂಡಿಸಿದ್ರೆ ಅಲ್ಲೂ ಸಾಮಾನ್ಯವಾಗಿ ನಿಷೇಧವೇ. ನರ್ಸಮ್ಮನ ವಾಕ್ಯ ಅವರ ಪ್ರಕಾರವೂ "ಮಸ್ಟ್ ನಾಟ್ ಹ್ಯಾವ್ ಟೇಕನ್" ಆದೀತೇ ಹೊರತು "ಮಸ್ಟ್ ನಾಟ್ ಟೇಕ್" ಅಲ್ಲ. ಒಇಟಿಗೆ ಓದುವವರು ಕಾಂಟ್ ಬಿಟ್ಟು ಆಚೆ ಹೋಗಬೇಡಿ.

ಪಿಯುಸಿ ಲಾಸ್ಟ್ ಬೆಂಚ್: ಮೇ, ಮೈಟ್ ವ್ಯತ್ಯಾಸ ಏನು ಮೇಡಂ?

ಮೇಡಂ: ಮೇಲೆ ಇದೆ.

ಪಿಯುಸಿ ಲಾಸ್ಟ್ ಬೆಂಚ್: "ಇಟ್ ಕ್ಯಾನ್ ರೇನ್ ಟುಮಾರೋ" ಸರೀನಾ?

ಮೇಡಂ: ಇಲ್ಲ. ನಾಳೆ ಬಂದೀತು ಅನ್ನೋ ಒಂದು ಮಳೆಗೆ ಮೇ, ಮೈಟ್, ಕುಡ್. ಕ್ಯಾನ್ ಬರೋದು ಊರಿನ ಸ್ವಭಾವ ಹೇಳುವಾಗ: "ಇಟ್ ಕ್ಯಾನ್ ರೇನ್ ಫಾರ್ ಡೇಸ್ ಇನ್ ಆಗುಂಬೆ".

ಸಿಇಟಿ ಅಪ್ಪ: ಅವನು ಪಾಸಾಗಿರೋಕೆ ಸಾಧ್ಯವೇ ಇಲ್ಲ, ನಂಬಲ್ಲ ನಾನು ಅನ್ನೋಕೆ "ಹೀ ಕುಡ್ ನಾಟ್ ಪಾಸ್" ಅಲ್ವಾ?

ಮೇಡಂ: ಹಾಗಂದ್ರೆ ಅವನು ಫೇಲು ಅಂತ ಸುದ್ದಿ ಕೊಟ್ಟ ಹಾಗೆ. "ಹೀ ಕಾಂಟ್ ಹ್ಯಾವ್ ಪಾಸ್ಡ್!" ಒತ್ತು ಕಾಂಟ್ ಮೇಲೆ. "ಕುಡಂಟ್ ಹ್ಯಾವ್ ಪಾಸ್ಡ್" ಅಂದ್ರೂ ಸರಿ. ಪ್ರಶ್ನೆಯಾಗಿ "ಕ್ಯಾನ್ ಹೀ ರಿಯಲಿ ಹ್ಯಾವ್ ಪಾಸ್ಡ್?" ಈ ಪ್ರಶ್ನೆಯನ್ನ ಮೇ ಇಂದ ಶುರು ಮಾಡಬೇಡಿ. ಎದುರಿನವರ ಮಾತನ್ನೇ ನಂಬೋಕಾಗದಿದ್ರೆ "ಯು ಕಾಂಟ್ ಬಿ ಸೀರಿಯಸ್". ಮೇಲಧಿಕಾರಿಗಲ್ಲ, ಅಲ್ಲಿ "ಆರ್ ಯು ಶ್ಯೂರ್?" ಸಾಕು.

ಸಿಇಟಿ ಅಪ್ಪ: ಈಗಷ್ಟೇ ಬಂತು: "ಮಸ್ಟ್‌ನ ಭೂತಕಾಲ ಹ್ಯಾಡ್ ಟು. 10 ಜನಕ್ಕೆ ಶೇರ್ ಮಾಡಿ."

ಮೇಡಂ: ಕಡ್ಡಾಯದ ಅರ್ಥಕ್ಕೆ ಮಾತ್ರ. "ಹೀ ಹ್ಯಾಡ್ ಟು ಗೋ" ಅಂದ್ರೆ ಹೋಗಲೇಬೇಕಾಯ್ತು. ಹೋಗಿರಬೇಕು ಅನ್ನೋಕೆ "ಹೀ ಮಸ್ಟ್ ಹ್ಯಾವ್ ಗಾನ್". ಕಳಿಸೋ ಮುಂಚೆ ಒಂದು ವಾಕ್ಯ ಮಾಡಿ ನೋಡಿ ಸರ್, ಕೈ ಮುಗೀತೀನಿ.

ಸಿಇಟಿ ಅಪ್ಪ: ಒಳ್ಳೇದಕ್ಕೇ ಕಳಿಸಿದ್ದು. ಇಷ್ಟು ಸಿಟ್ಟು ಯಾಕೋ.

ಧಾರವಾಡ ಪೇಡಾ: ಸಿಟ್ಟಲ್ರೀ ಯಜಮಾನ್ರ, ಆ ಮಾತ್ರಿ ಪತ್ರ ಓದ್ರಿ ಒಂದ್ಸಲ.

ಪಿಯುಸಿ ಲಾಸ್ಟ್ ಬೆಂಚ್: ಮೇಲೆ ಅಂದ್ರೆ ಎಲ್ಲಿ? ಸಿಗ್ತಿಲ್ಲ.

ಟಿಕೆಟ್ ಕ್ಲೋಸ್: ಮೇಡಂ, ಸರ್ವರ್ ಬಗ್ಗೆ "ಇಟ್ ಶುಡ್ ಬಿ ಅಪ್ ಬೈ ಸಿಕ್ಸ್" ಅಂದ್ರೆ ಮಾತು ಕೊಟ್ಟ ಹಾಗಾ?

ಮೈಸೂರ್ ಪಾಕ್: ಅಲ್ಲ, ನಿರೀಕ್ಷೆ. ಮಾತು ಕೊಡೋಕೆ ವಿಲ್.

ಧಾರವಾಡ ಪೇಡಾ: ಕ್ಲೈಂಟ್ ಮಾತು ಅಂತನ ಓದ್ತಾನ್ರೀ. "ವಿ ಎಕ್ಸ್‌ಪೆಕ್ಟ್" ಅಂತ ಬರೀರಿ.

ಮೈಸೂರ್ ಪಾಕ್: ಎರಡೂ ಒಂದೇ ಅಲ್ವಾ? ಸುಮ್ನೆ ವಾದಕ್ಕೆ ವಾದ.

ಅಡ್ಮಿನ್: ಮೇಡಂ ಹೋಗಿರಬೇಕು. ಹೊಸ ಪ್ರಶ್ನೆ ಬೇಡ.

ಟಿಕೆಟ್ ಕ್ಲೋಸ್: ಐದೂ ಮುಕ್ಕಾಲು ಆಯ್ತು, ಯಾವುದು ಕಳಿಸ್ಲಿ?