ಪದಚರ್ಚೆ: ಪ್ಲಾಸ್ಮಾ ಲ್ಯಾಬಿನ ಬೋರ್ಡಿಗೆ ‘ಪರ್ಮನೆಂಟ್ ಮ್ಯಾಗ್ನೆಟ್’: ‘ಶಾಶ್ವತ’ ಬೇಡ, ‘ಕಾಯಂ’ ಸಾಕು

ಗೆಳೆಯರೇ,

ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್ ಬೇರ್ಪಟ್ಟು ವಿದ್ಯುತ್ ಹರಿಸುವ ಅನಿಲ, ಅದರ ಲ್ಯಾಬಿನ ಬಾಗಿಲಿಗೆ ಎಚ್ಚರಿಕೆಯ ಬೋರ್ಡ್ ಬೇಕು, ಯಂತ್ರದ ಕೈಪಿಡಿಯೂ ಕನ್ನಡಕ್ಕೆ ಬರಬೇಕು, ‘ಪರ್ಮನೆಂಟ್ ಮ್ಯಾಗ್ನೆಟ್’ಗೆ ಏನನ್ನೋಣ ಅಂತ ಲ್ಯಾಬಿನ ಮೇಡಂ ಕೇಳಿದ್ದರು. ಬೋರ್ಡ್ ಸೋಮವಾರ ಪ್ರಿಂಟಿಗೆ ಹೋಗಬೇಕು ಅಂತ ಅವರು ಬರೆದು ಮೂರು ದಿನ ಆಯಿತು. ಮೇಲ್ ಮೇಲೆ ಮೇಲ್ ಬಂದಿವೆ. ಗೋಡೆಗೆ ಹಾಕುವಂಥ ಸಾಲು ಮಾತ್ರ ಒಂದೂ ಬಂದಿಲ್ಲ. ಮೊದಲು ಸಾಲು ಕೊಡುತ್ತೇನೆ, ಜಗಳ ಆಮೇಲೆ.

ಎಚ್ಚರಿಕೆ! ಬಲವಾದ ಅಯಸ್ಕಾಂತ ಇದೆ.
ಕರೆಂಟ್ ತೆಗೆದರೂ ಸೆಳೆತ ನಿಲ್ಲುವುದಿಲ್ಲ.
ಪೇಸ್‌ಮೇಕರ್ ಇರುವವರು ಒಳಗೆ ಬರಬಾರದು.
ಕಬ್ಬಿಣದ ಸಾಮಾನು ತರಬೇಡಿ.

‘ಪರ್ಮನೆಂಟ್’ಗೆ ಪದ ಎಲ್ಲಿ ಅಂತ ಕೇಳುತ್ತೀರಿ. ಎರಡನೇ ಸಾಲೇ ಅದು. ಬಾಗಿಲ ಮುಂದೆ ನಿಂತವರಿಗೆ ತಿಳಿಯಬೇಕಾದ್ದು ಅಷ್ಟೇ. ತಂತಿ ಸುರುಳಿಯ ವಿದ್ಯುತ್ಕಾಂತವಾದರೆ ಸ್ವಿಚ್ ಆರಿಸಿದ ಮೇಲೆ ನಿರ್ಭಯವಾಗಿ ಕೈ ಹಾಕಬಹುದು. ಇದು ಹಾಗಲ್ಲ. ನಾನು ಹಿಂದೆ ಕೆಲಸ ಮಾಡಿದ ಲ್ಯಾಬಿನಲ್ಲಿ ಯಂತ್ರ ಆಫ್ ಆಗಿದೆಯಲ್ಲ ಅಂತ ಒಬ್ಬರು ಸ್ಪ್ಯಾನರ್ ಹಿಡಿದು ಹತ್ತಿರ ಹೋದರು. ಸ್ಪ್ಯಾನರ್ ಹೋಗಿ ಅಂಟಿಕೊಂಡಿತು, ಮಧ್ಯೆ ಸಿಕ್ಕಿದ್ದು ಅವರ ಬೆರಳು. ಬೋರ್ಡಿನ ಮೇಲೆ ‘ಶಾಶ್ವತ ಕಾಂತ’ ಅಂತ ಇದ್ದಿದ್ದರೆ ಆ ಬೆರಳು ಉಳಿಯುತ್ತಿತ್ತಾ?

ಇನ್ನು ಕೈಪಿಡಿಯ ಅನುವಾದ. ಅಲ್ಲಿ ಪದ ಬೇಕೇ ಬೇಕು. ನನ್ನ ಉತ್ತರ: ಕಾಯಂ ಅಯಸ್ಕಾಂತ.

ಪಠ್ಯಪುಸ್ತಕದಲ್ಲಿ ‘ಶಾಶ್ವತ’ ಇದೆ, ಗೊತ್ತು. ಆದರೆ ಯಾವುದು ಶಾಶ್ವತ? ಮಾಮೂಲಿ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ. 310 ಡಿಗ್ರಿಯ ಆಸುಪಾಸು ಮುಟ್ಟಿದರೆ ಪೂರ್ತಿ ಹೋಯಿತು. ಆರಿಸಿ ತಣ್ಣಗೆ ಮಾಡಿದರೂ ಬಲ ತಾನಾಗಿ ವಾಪಸ್ ಬರುವುದಿಲ್ಲ. ಪ್ಲಾಸ್ಮಾ ಪಾತ್ರೆಯ ಗೋಡೆ ಬಿಸಿಯಾಗುತ್ತಲೇ ಇರುತ್ತದೆ. ಅದಕ್ಕೇ ಅಯಸ್ಕಾಂತದ ಪಕ್ಕ ನೀರು ಹರಿಸುತ್ತಾರೆ, ಬಿಸಿ ಜಾಸ್ತಿ ಇರುವ ಕಡೆ ಅದನ್ನು ತಾಳುವ ಸಮೇರಿಯಂ ಕೋಬಾಲ್ಟ್ ಅಯಸ್ಕಾಂತ ಹಾಕುತ್ತಾರೆ. ಇಷ್ಟು ಜೋಪಾನ ಮಾಡಬೇಕಾದ ವಸ್ತುವಿಗೆ ‘ಶಾಶ್ವತ’ ಅನ್ನುವುದು ಸುಳ್ಳು.

‘ಕಾಯಂ’ ಸರಿಯಾಗಿ ಕೂರುತ್ತದೆ. ದಿನಗೂಲಿಯವರಿಗೂ ಕಾಯಂ ನೌಕರರಿಗೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ. ವಿದ್ಯುತ್ಕಾಂತಕ್ಕೆ ಕ್ಷಣಕ್ಷಣಕ್ಕೂ ಕರೆಂಟ್ ಕೊಡುತ್ತಿರಬೇಕು, ನಿಲ್ಲಿಸಿದರೆ ಕೆಲಸ ನಿಂತಿತು. ಇನ್ನೊಂದು ಹಾಗಲ್ಲ, ಒಮ್ಮೆ ಸೇರಿತು ಅಂದರೆ ಇದ್ದೇ ಇರುತ್ತದೆ. ಆದರೂ ಕಾಯಂ ನೌಕರ ಅಮರ ಅಂತ ಯಾರೂ ತಿಳಿಯುವುದಿಲ್ಲ ಅಲ್ವಾ? ಹಾಗೇ ದಯವಿಟ್ಟು ‘ಖಾಯಂ’ ಅಂತ ಬರೆಯಬೇಡಿ. ಅರಬ್ಬಿಯ ಆ ಪದದಲ್ಲಿ ಮಹಾಪ್ರಾಣ ಇಲ್ಲ. ‘ನಿಂತಿರುವ’ ಅನ್ನುವುದು ಅದರ ಮೂಲ ಅರ್ಥ.

‘ಸೂಜಿಗಲ್ಲು’ ಅಚ್ಚಗನ್ನಡ, ಅದೇ ಇರಲಿ ಅಂದವರಿಗೆ: ಸೂಜಿ ಬಂದದ್ದು ಸಂಸ್ಕೃತದ ‘ಸೂಚಿ’ಯಿಂದ. ಅಚ್ಚಗನ್ನಡದ ವಾದ ಅಲ್ಲಿಗೆ ಮುಗಿಯಿತು. ಪದ ಚೆನ್ನಾಗಿದೆ, ‘ಸೂಜಿಗಲ್ಲಿನಂತೆ ಸೆಳೆಯಿತು’ ಅಂತ ನಾನೂ ಬರೆಯುತ್ತೇನೆ. ಆದರೆ ಪುಡಿಯನ್ನು ಒತ್ತಿ, ಬೇಯಿಸಿ ಮಾಡಿದ ವಸ್ತುವನ್ನು ಕಲ್ಲು ಅನ್ನಲು ಮನಸ್ಸು ಬರುವುದಿಲ್ಲ. ಹೊಸದಾಗಿ ಕಟ್ಟಿದ ‘ನೆಲೆಸೆಳೆಗ’ ಅಂತೂ ಬೇಡವೇ ಬೇಡ. ಓದುವವರಿಗೆ ಇನ್ನೊಂದು ನಿಘಂಟು ಕೊಡಬೇಕಾಗುತ್ತದೆ.

ಬರೀ ‘ಕಾಂತ’ ಕೂಡ ನನಗೆ ಒಗ್ಗದು. ಅಯಸ್ ಅಂದರೆ ಕಬ್ಬಿಣ, ಕಾಂತ ಅಂದರೆ ಪ್ರಿಯ. ಕಬ್ಬಿಣಕ್ಕೆ ಪ್ರಿಯವಾದದ್ದು ಅಯಸ್ಕಾಂತ. ಎಷ್ಟು ಚೆಂದದ ಪದ! ಕಬ್ಬಿಣ ಕಿತ್ತು ಹಾಕಿದರೆ ಉಳಿಯುವುದು ಬರೀ ಪ್ರಿಯ. ‘ವಿದ್ಯುತ್ಕಾಂತ’ದಂಥ ಸಮಾಸದಲ್ಲಿ ಇರಲಿ, ಒಂಟಿಯಾಗಿ ಬೇಡ.

ಕೈಪಿಡಿಯ ಇನ್ನೊಂದು ಪದ ‘ಪ್ಲಾಸ್ಮಾ ಸೋರ್ಸ್’, ಅಂದರೆ ಪ್ಲಾಸ್ಮಾ ಹುಟ್ಟಿಸುವ ಸಾಧನ. ಅದಕ್ಕೆ ‘ಪ್ಲಾಸ್ಮಾ ಆಕರ’. ‘ಬೆಳಕಿನ ಆಕರ’ ಅಂತ ಮಕ್ಕಳು ಓದುತ್ತಾರೆ, ಹೊಸದೇನಲ್ಲ. ‘ಮೂಲ ಪ್ಲಾಸ್ಮಾ’, ‘ಪ್ಲಾಸ್ಮಾ ಮೂಲ’ ಅಂತ ಹಿಂದೆ ಮುಂದೆ ಆದರೆ ಗೊಂದಲ. ‘ಪ್ಲಾಸ್ಮಾ’ವನ್ನು ಮುಟ್ಟಬೇಡಿ. ಈ ಅನಿಲಕ್ಕೆ ವಿಜ್ಞಾನಿ ಲ್ಯಾಂಗ್ಮ್ಯೂರ್ 1928ರಲ್ಲಿ ಇಟ್ಟ ಹೆಸರೂ ಗ್ರೀಕಿನಿಂದ ಎರವಲು ತಂದದ್ದೇ.

ಎರವಲು ಅಂದರೆ ಸೋಲು ಅನ್ನುವವರಿಗೆ ನನ್ನದೊಂದು ಮಾತು. ಪದ ಎಲ್ಲಿಂದ ಬಂತು ಅನ್ನುವುದಕ್ಕೆ ಮೊದಲು ಅದು ಇಲ್ಲಿ ಏನು ಹೇಳುತ್ತದೆ ನೋಡಿ. ಅನುವಾದಿಸಬೇಕಾದ ವಾಕ್ಯ ಇದು: 2.45 ಗಿಗಾಹರ್ಟ್ಸ್ ಮೈಕ್ರೋವೇವ್ ಬಿಟ್ಟಾಗ, ಕಾಂತಬಲ 875 ಗಾಸ್ (ಅದನ್ನು ಅಳೆಯುವ ಮಾನ) ಇರುವ ಜಾಗದಲ್ಲಿ ಎಲೆಕ್ಟ್ರಾನ್ ಸುತ್ತುವ ಲಯವೂ ಅಲೆಯ ಲಯವೂ ಒಂದಾಗುತ್ತವೆ. ಅಷ್ಟು ಬಲವನ್ನು ಸುರುಳಿಯಿಂದ ಪಡೆಯಲು ಭಾರಿ ಕರೆಂಟ್ ಬೇಕು. ಕಾಯಂ ಅಯಸ್ಕಾಂತಕ್ಕೆ ಏನೂ ಬೇಡ. ಇಲ್ಲಿ ‘ಶಾಶ್ವತ’ ಹಾಕಿ ಓದಿ ನೋಡಿ, ಕರೆಂಟ್ ಬೇಡ ಅನ್ನುವ ಅರ್ಥವೇ ಹೊಳೆಯುವುದಿಲ್ಲ.

ಕೈಪಿಡಿಯಲ್ಲಿ ಬರುವ ‘ಕಸ್ಪ್’ಗೆ, ಅಂದರೆ ಬಲದ ಗೆರೆಗಳು ಚೂಪಾಗಿ ಕೂಡುವ ಜಾಗಕ್ಕೆ, ನನ್ನ ಬಳಿ ಒಳ್ಳೆಯ ಪದ ಇಲ್ಲ. ಪಾತ್ರೆಯ ಗೋಡೆಗೆ ಅಯಸ್ಕಾಂತಗಳನ್ನು ಉತ್ತರ, ದಕ್ಷಿಣ, ಉತ್ತರ ಅಂತ ಸಾಲಾಗಿ ಜೋಡಿಸುತ್ತಾರೆ. ಗೋಡೆಯ ಹತ್ತಿರ ಬಲ ಹೆಚ್ಚು, ನಡುವೆ ತೀರಾ ಕಡಿಮೆ. ಗೋಡೆಗೆ ಬಂದ ಎಲೆಕ್ಟ್ರಾನ್ ಹೆಚ್ಚಾಗಿ ವಾಪಸ್ ತಿರುಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಲಿಂಪೇಕರ್ ಮತ್ತು ಮೆಕೆಂಜಿ ಎಂಬ ವಿಜ್ಞಾನಿಗಳು 1973ರಲ್ಲಿ ತೋರಿಸಿಕೊಟ್ಟ ಜೋಡಣೆ ಇದು. ಎರಡು ಸಾಲಿನ ನಡುವೆ ಬಲದ ಗೆರೆಗಳು ಬಾಗಿ, ಧ್ರುವದ ಎದುರು ಚೂಪಾಗಿ ಕೂಡುತ್ತವೆ. ಆ ಚೂಪಿಗೆ ‘ಮೊನೆ’ ಆಗಬಹುದಾ? ಬಡಗಿ, ಕಮ್ಮಾರರ ಬಾಯಲ್ಲಿ ಬೇರೆ ಪದ ಇದ್ದರೆ, ತಿಳಿದವರು ಬರೆಯಿರಿ. ಮೇಡಂ, ಅಲ್ಲಿಯವರೆಗೆ ‘ಕಸ್ಪ್’ ಅಂತಲೇ ಇಟ್ಟುಕೊಳ್ಳಿ. ಪೇಸ್‌ಮೇಕರ್ ಸಾಲನ್ನು ಮಾತ್ರ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಹಾಕಿಸಿ.